ಗದ್ದೆಪ್ಪನ ಕಿವಿಬಟ್ಟಲು

ಜವಳಗೇರಾದ ಯಂಕಮ್ಮನ ಮನೆಯಲ್ಲಿ, ಟಿವಿಯ ಮಗ್ಗುಲಿಗೆ, ಬಿಳಿಯ ಪಿಂಗಾಣಿಯ ಬಟ್ಟಲೊಂದು ಎಷ್ಟೋ ವರ್ಷಗಳಿಂದ ಕೂತಿತ್ತು. ಅದರೊಳಗೆ ಆಕೆಯ ಕನ್ನಡಕ, ಒಂದು ಥರ್ಮಾಮೀಟರು, ಟೊಪ್ಪಿಗೆ ಕಳೆದುಕೊಂಡ ಬಾಲ್‌ಪೆನ್ನುಗಳು ಇರುತ್ತಿದ್ದವು. ಬಟ್ಟಲಿಗೆ ಎರಡು ಹಿಡಿಕೆ. ಚಹಾದ ಕಪ್ಪಿನ ಹಿಡಿಕೆಯಂತೆ ಅವು ಹೊಟ್ಟೆಗೆ ಅಂಟಿಕೊಂಡಿರಲಿಲ್ಲ. ಅಂಚನ್ನೂ ಮೀರಿ ಮೇಲಕ್ಕೆದ್ದು, ಹಂಸದ ಕೊರಳಿನಂತೆ ಬಾಗಿ, ಮತ್ತೆ ಕೆಳಗಿಳಿದಿದ್ದವು. ಒಳಮೈಗೆ ಬಳಿದಿದ್ದ ಚಿನ್ನ ಬಹುಪಾಲು ಸವೆದು ತಳದ ಸುತ್ತ ಮಾತ್ರ ಉಳಿದಿತ್ತು. ಮನೆಯವರು ಅದನ್ನು ಕಿವಿಬಟ್ಟಲು ಎನ್ನುತ್ತಿದ್ದರು. ಅದು ಎಲ್ಲಿಯದು, ಯಾವ ಕಾಲದ್ದು ಎಂದು ಯಾರೂ ಕೇಳಿರಲಿಲ್ಲ.

ಯಂಕಮ್ಮ ಸರಕಾರದ ನರ್ಸಾಗಿ ಇಡೀ ಸೇವಾವಧಿಯನ್ನು ಈ ಕಾಲುವೆಯ ಸೀಮೆಯಲ್ಲಿಯೇ ಕಳೆದವಳು. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ನೆಲ್ಲಿನ ಚೀಲ ಹೇರಿದ ಟ್ರ್ಯಾಕ್ಟರು. ಹೆಗಲಿಗೆ ಲಸಿಕೆಯ ನೀಲಿ ಪೆಟ್ಟಿಗೆ ಹಾಕಿಕೊಂಡು ಆಕೆ ಓಣಿಗೆ ಕಾಲಿಟ್ಟರೆ ಮಕ್ಕಳು ಹುಲ್ಲಿನ ಬಣವಿಯ ಹಿಂದೆ ಅಡಗುತ್ತಿದ್ದವು. ಸೂಜಿ ಯಂಕಮ್ಮ ಎಂಬ ಹೆಸರು ಹಾಗೆ ಬಂದದ್ದು. ಆಕೆ ಎಡಚಿ; ಸೂಜಿಯನ್ನೂ ಎಡಗೈಯಲ್ಲೇ ಚುಚ್ಚುತ್ತಿದ್ದಳು. ತಾಯಂದಿರು ಗೊಣಗಿದರೆ, "ಸೂಜಿಗೆ ಎಡಾ ಬಲಾ ಗೊತ್ತಾಗಂಗಿಲ್ಲವಾ, ಕುಂಡಿ ಇತ್ತಕಡೆ ತಿರುಗಿಸು" ಎನ್ನುತ್ತಿದ್ದಳು. ಈಗ ನಿವೃತ್ತಳಾಗಿದ್ದರೂ ಆ ಮಾತಿನ ವೇಗಕ್ಕೆ ನಿವೃತ್ತಿಯಿಲ್ಲ. ಒಂದು ವಾಕ್ಯ ಮುಗಿಯುವ ಮೊದಲೇ ಮುಂದಿನದು ಬಾಗಿಲಲ್ಲಿ ನಿಂತಿರುತ್ತದೆ.

ಆಕೆಯ ಮಗಳು ಸಂಘಮಿತ್ರಾ ಸಿಂಧನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ನಾನು ಅಲ್ಲಿಯೇ ಭೌತಶಾಸ್ತ್ರ ಕಲಿಸುವವನು. ಬಟ್ಟಲಿನ ಸಂಗತಿ ನನ್ನವರೆಗೆ ಬಂದದ್ದು ಆ ದಾರಿಯಿಂದ.

ಕಳೆದ ಚಳಿಗಾಲದ ಒಂದು ಮುಂಜಾನೆ ಸಿದ್ದಲಿಂಗೇಶ ಯಂಕಮ್ಮನ ಮನೆಗೆ ಬಂದ. ಊರಿನ ಗೌಡರ ಮನೆಯ ಮಗ. ಸಿಂಧನೂರಿನಲ್ಲಿ ಅಕ್ಕಿಗಿರಣಿ ನಡೆಸುತ್ತಾನೆ. ಆ ಮನೆಯವರು ಈ ಓಣಿಗೆ ಬಂದದ್ದೇ ಅಪರೂಪ. ಅಂಗಳದಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಅನುಮಾನಿಸುತ್ತ ನಿಂತವನನ್ನು ಯಂಕಮ್ಮನೇ ಕರೆದಳು.

"ಬಾ ತಮ್ಮಾ, ಬಾ. ಹೆದರಬ್ಯಾಡ, ರಿಟೈರ್ ಆಗೀನಿ. ಸೂಜಿ ಎಲ್ಲಾ ಸರಕಾರಕ್ಕ ಒಪ್ಪಿಸೀನಿ."

ಒಳಗೆ ಪೇಪರು ಓದುತ್ತಿದ್ದ ಆಕೆಯ ಗಂಡ ಪಂಪಾಪತಿ ಗಟ್ಟಿಯಾಗಿ ನಕ್ಕ. ಅವನು ಲಿಂಗಸುಗೂರು ಡಿಪೋದಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿಯ ಮಾತಿಗೆ ಬ್ರೇಕಿಲ್ಲ ಎಂಬುದು ಅವನ ಹಳೆಯ ದೂರು.

ಸಿದ್ದಲಿಂಗೇಶ ನಗಲಿಲ್ಲ. ಕಣ್ಣು ಟಿವಿಯ ಕಡೆಗಿತ್ತು. "ಸಿಸ್ಟ್ರೇ, ಆ ಬಟ್ಟಲಕ್ಕ ಬಂದೀನಿ. ನಿಮ್ಮ ಮನ್ಯಾಗ ಐತಂತ ಮಂದಿ ಹೇಳಿದ್ರು. ದನದ ಕೊಟ್ಟಿಗಿ ಅಟ್ಟದ ಮ್ಯಾಲೆ ಒಂದು ಮುಚ್ಚಳದ ಬೋಗುಣಿ ಸಿಕ್ಕೇತಿ. ದನಕ್ಕ ಉಪ್ಪು ಹಾಕಿ ಇಡತಿದ್ರು. ಅದಕ್ಕೂ ಹಿಂಗ ಹಂಸನ ಕೊರಳು ಅದಾವ. ಹೈದರಾಬಾದಿಂದ ಹಳೇ ಸಾಮಾನಿನ ವ್ಯಾಪಾರಿ ಬಂದು ನೋಡಿದ. ಇದರ ಜೋಡಿ ಬಟ್ಟಲು ಒಂದರ ಸಿಕ್ಕರ ಮಾತ ಬ್ಯಾರೆ ಅಂದ."

ಬೇರೆ ಯಾರಾದರೂ ಇಲ್ಲಿ ಹುಬ್ಬು ಗಂಟಿಕ್ಕುತ್ತಿದ್ದರು. ಯಂಕಮ್ಮ ಎದ್ದು ನಿಂತುಬಿಟ್ಟಳು. "ಏನಂದೀ? ಇದರ ಜೋಡಿ ಇನ್ನೂ ಒಂದು ಉಳದೈತಾ? ರೀ, ಕೇಳಿದ್ರೇನ್ರಿ? ಕಿವಿಬಟ್ಟಲಿಗೆ ಬಳಗ ಐತಂತ!"

"ಐತಿ. ಅದಕ್ಕ ಕೇಳಾಕತ್ತೀನಿ. ಎಲ್ಲಾ ನಮ್ಮ ಮನೀವು. ನಿಜಾಮನ ಕಾಲದಾಗ ತಾಲೂಕದಾರ ಸಾಹೇಬ ನಮ್ಮ ಮುತ್ಯಾಗ ಇನಾಮು ಕೊಟ್ಟದ್ದು. ನೀವು ಬಟ್ಟಲು ಕೊಟ್ಟುಬಿಡ್ರಿ, ಬದಲಿಗೆ ಒಂದು ಹೊಸಾ ಡಿನ್ನರ್ ಸೆಟ್ ತಂದು ಕೊಡತೀನಿ."

"ಡಿನ್ನರ್ ಸೆಟ್ಟಿನಾಗ ನಮ್ಮಪ್ಪ ಚಾ ಕುಡದಾನೇನು?"

ಅವನಿಗೆ ಅರ್ಥವಾಗಲಿಲ್ಲ. ಯಂಕಮ್ಮ ಬಿಡಿಸಿ ಹೇಳಲೂ ಇಲ್ಲ. "ವ್ಯಾಪಾರಿ ಸೋಮವಾರ ಬರತಾನ, ಅಷ್ಟರೊಳಗ ವಿಚಾರ ಮಾಡ್ರಿ" ಎಂದು ಸಿದ್ದಲಿಂಗೇಶ ಹೊರಟುಹೋದ.

ಹೇಳಬೇಕಾದ ಸಂಗತಿ ಇದು. ಗೌಡರ ಮನೆ ಕಟ್ಟುನಿಟ್ಟಾದ ಶೈವ ಮನೆ. ತಾಲೂಕದಾರನ ಉಡುಗೊರೆ ಬಂದಾಗ ಆ ಮನೆಯ ಹಿರಿಯರು ಪಿಂಗಾಣಿಯ ಬಿಳುಪನ್ನು ಕಂಡು, ಇದು ಎಲುಬಿನ ಪುಡಿಯಿಂದ ಮಾಡಿದ್ದು ಎಂದು ತೀರ್ಮಾನಿಸಿದರು. ಎಲುಬಿನ ಪಾತ್ರೆ ಹೊಸ್ತಿಲು ದಾಟುವಂತಿಲ್ಲ. ಅಧಿಕಾರಿ ಕೊಟ್ಟದ್ದನ್ನು ಎಸೆಯುವಂತೆಯೂ ಇಲ್ಲ. ಬೋಗುಣಿ ಕೊಟ್ಟಿಗೆಗೆ ಹೋಯಿತು. ಬಟ್ಟಲುಗಳು ಹೊರಗೋಡೆಯ ಗೂಡಿಗೆ ಬಂದು, ಹೊಲದ ಕೆಲಸಕ್ಕೆ ಬರುತ್ತಿದ್ದ, ಒಳಗೆ ಬರಲು ಬಿಡದ ಕೇರಿಯ ಆಳುಗಳ ಚಹಾಕ್ಕೆ ಮೀಸಲಾದವು. ಒಬ್ಬೊಬ್ಬ ಆಳಿಗೆ ಒಂದೊಂದು ಬಟ್ಟಲು. ಕುಡಿದವನೇ ತೊಳೆದು ಗೂಡಿನಲ್ಲಿಡಬೇಕು. ಗುರುತಿಗಾಗಿ ಪ್ರತಿಯೊಬ್ಬನೂ ತಳದಲ್ಲಿ ತನ್ನದೊಂದು ಗೀಟು ಕೊರೆದಿದ್ದ. ಗೌಡರ ಮನೆಯ ಹೆಂಗಸರು ಕಿಟ್ಲಿಯನ್ನು ಎತ್ತರಕ್ಕೆ ಹಿಡಿದು, ಅದರ ಮೂತಿ ಬಟ್ಟಲಿಗೆ ತಾಗದಂತೆ ಮೇಲಿನಿಂದ ಚಹಾ ಸುರಿಯುತ್ತಿದ್ದರು.

ಯಂಕಮ್ಮ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಕೇರಿಯವರೆಲ್ಲ ಕೂಡಿ, ಇನ್ನು ಗೂಡಿನ ಬಟ್ಟಲಲ್ಲಿ ಚಹಾ ಕುಡಿಯುವುದಿಲ್ಲ ಎಂದು ನಿರ್ಧರಿಸಿದರು. ಎಲ್ಲರೂ ತಂತಮ್ಮ ಬಟ್ಟಲನ್ನು ತಂದು ಬೇವಿನ ಕಟ್ಟೆಗೆ ಬಡಿದು ಒಡೆದರು. ಯಂಕಮ್ಮನ ಅಪ್ಪ ಗದ್ದೆಪ್ಪ ಅದರ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಅವನ ಬಟ್ಟಲನ್ನು ಒಡೆಯಲು ಹೋದ ತಾಯಿ ಹುಲಿಗೆಮ್ಮ ಕಟ್ಟೆಯವರೆಗೆ ನಡೆದು, ಕೈ ಎತ್ತಿ, ಮತ್ತೆ ಇಳಿಸಿ, ಬಟ್ಟಲನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. "ಸಿಟ್ಟು ಗೌಡ್ರ ಮ್ಯಾಲೆ ಇರಲಿ. ಬಟ್ಟಲು ಏನು ಮಾಡೇತಿ? ನನ್ನ ಗಂಡನ ತುಟಿ ಹತ್ತಿದ್ದು ಇದೊಂದ" ಎಂದಳಂತೆ. ಗದ್ದೆಪ್ಪನ ಫೋಟೊ ಇಲ್ಲ. ಅವನು ಮುಟ್ಟಿದ ಬೇರಾವ ವಸ್ತುವೂ ಮನೆಯಲ್ಲಿ ಉಳಿದಿಲ್ಲ. ಅಪ್ಪನ ಮುಖ ಕೂಡ ಯಂಕಮ್ಮನಿಗೆ ನೆಟ್ಟಗೆ ನೆನಪಿಲ್ಲ. ಸಿದ್ದಲಿಂಗೇಶ ಕೇಳಿದ್ದು ಅಂಥ ಬಟ್ಟಲನ್ನು.

ಬಟ್ಟಲು ಬಿಟ್ಟುಕೊಡಬಾರದು ಎಂಬುದರಲ್ಲಿ ಯಂಕಮ್ಮನಿಗೆ ಅನುಮಾನವಿರಲಿಲ್ಲ. ಆದರೆ ಅದಕ್ಕೆ ಬಳಗವಿದೆ ಎಂದು ಕೇಳಿದ ಗಳಿಗೆಯಿಂದ, ಅದು ಏನೆಂದು ತಿಳಿಯದೆ ಆಕೆಗೆ ನಿದ್ದೆ ಬರುವಂತಿರಲಿಲ್ಲ. ಮರುದಿನವೇ ಮಗಳನ್ನೂ ನನ್ನನ್ನೂ ತನ್ನ ಜೊತೆ ಮುದಗಲ್ಲಿಗೆ ಹೊರಡಿಸಿದಳು. ಅಲ್ಲಿ ಕೋಟೆಯ ಹತ್ತಿರ ಜಿಲಾನಿಸಾಬ್ ಎಂಬ ವೃದ್ಧರು ಹಳೆಯ ಕಂಚು, ಗಾಜು, ದೀಪಗಳ ಅಂಗಡಿ ಇಟ್ಟಿದ್ದಾರೆ; ಅವರ ಅಜ್ಜ ತಾಲೂಕದಾರನ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು.

ಬಟ್ಟಲಿನ ಪ್ರಯಾಣ ಲಸಿಕೆಯ ಹಳೆಯ ನೀಲಿ ಪೆಟ್ಟಿಗೆಯಲ್ಲಿ. ಮಂಜುಗಡ್ಡೆ ಇಡುವ ಜಾಗದಲ್ಲಿ ಹತ್ತಿ ತುಂಬಿ, ನಡುವೆ ಬಟ್ಟಲನ್ನು ಕೂರಿಸಿ, ಪೆಟ್ಟಿಗೆಯನ್ನು ಯಂಕಮ್ಮ ತೊಡೆಯ ಮೇಲಿಟ್ಟುಕೊಂಡಿದ್ದಳು. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಕಿಟಕಿಯ ಬಳಿ ಓಡಿಬಂದಳು.

"ಸಿಸ್ಟ್ರೇ, ಇವತ್ತ ಪೋಲಿಯೋ ಐತೇನ್ರಿ?"

"ಇಲ್ಲವಾ, ಇದರಾಗ ನಮ್ಮಪ್ಪ ಅದಾನ."

ಆಕೆ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ಎವ್ವಾ, ಮಂದಿನ ಹೆದರಿಸಬ್ಯಾಡ" ಎಂದು ಸಂಘಮಿತ್ರಾ ತಾಯಿಯ ಮೊಣಕೈ ಹಿಡಿದೆಳೆದಳು.

ಜಿಲಾನಿಸಾಬರು ಬಟ್ಟಲನ್ನು ಕೈಗೆತ್ತಿಕೊಂಡು ಮೊದಲು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನಾದ ಕೇಳಿದರು. ಆಮೇಲೆ ಒಳಗೆ ಟಾರ್ಚು ಹಿಡಿದರು. ಗೋಡೆಯಿಡೀ ಒಳಗಿನಿಂದ ಹಾಲಿನಂತೆ ಬೆಳಗಿತು; ಹೊರಗಿನಿಂದ ಅವರ ಬೆರಳುಗಳ ನೆರಳು ಕಾಣುತ್ತಿತ್ತು. ಯಂಕಮ್ಮ ಅಂಗಡಿಯ ಸ್ಟೂಲಿನಿಂದ ಎದ್ದೇಬಿಟ್ಟಳು. "ಇಷ್ಟು ವರ್ಷ ಇದರಾಗ ಪೆನ್ನು ಹಾಕಿಟ್ಟೀನಲ್ಲೋ ಯಪ್ಪಾ!"

"ಪೆನ್ನು ಹಾಕಿದ್ರ ಏನಾತು ಅಕ್ಕಾ, ಉಳದೈತಲ್ಲ" ಎಂದರು ಜಿಲಾನಿಸಾಬ್. "ಇದು ಫ್ರಾನ್ಸಿನ ಮಾಲು. ನಮ್ಮ ದಾದಾ ಹೇಳತಿದ್ದ, ಸಾಹೇಬರು ಉಣ್ಣೂ ದಸ್ತರಖಾನಿನ ಮ್ಯಾಲೆ ಹಂಸದ ಭಾಂಡೆ ಇರತಿದ್ದವು, ಅವನ್ನ ತೊಳಿಯೂ ಮುಂದ ಕೆಳಗ ಗೋಣಿ ಹಾಸಿಕೊಂತಿದ್ನಂತ." ತಳ ತಿರುಗಿಸಿದರು. ಒಂದು ಮಾಸಿದ ಕೆಂಪು ಮುದ್ರೆ. ಅದರ ಪಕ್ಕದಲ್ಲಿ ಕುಡುಗೋಲಿನ ಆಕಾರದ ಗೀರು. "ಈ ಗೀಟೊಂದು ಇರದಿದ್ರ ಬಾದಶಹನ ಮನಿಗೆ ಕಳಸಬೌದಿತ್ತು. ಯಾವ ನಾಲಾಯಕ್ ಕೊರದಾನ?"

"ಆ ನಾಲಾಯಕ್ ನಮ್ಮಪ್ಪ ರೀ" ಎಂದಳು ಯಂಕಮ್ಮ. ಜಿಲಾನಿಸಾಬರು ನಾಲಿಗೆ ಕಚ್ಚಿಕೊಂಡು, ತಪ್ಪಿಗೆ ದಂಡವೆಂದು ಎಲ್ಲರಿಗೂ ಚಹಾ ತರಿಸಿದರು.

ಅಂಗಡಿಯವರ ಮಾತು ಪುರಾವೆಯಲ್ಲ ಎಂಬುದು ನನ್ನ ಅಭ್ಯಾಸದ ಅನುಮಾನ. ಹಳೆಯ ಪಿಂಗಾಣಿಯ ಬಗ್ಗೆ ಓದಿಕೊಂಡಿದ್ದ, ಹೈದರಾಬಾದಿನ ಒಬ್ಬ ಪರಿಣತೆಗೆ ಸಂಘಮಿತ್ರಾ ಎಲ್ಲ ಕೋನಗಳ ಫೋಟೊ ಕಳಿಸಿದಳು. ಉತ್ತರ ನಾವು ಬಸ್ಸಿನಲ್ಲಿ ಮರಳುತ್ತಿರುವಾಗಲೇ ಬಂತು. ಪ್ಯಾರಿಸಿನ ಕೆಲಸವಾಗಿರಬಹುದು, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳದ್ದು. ಫೋಟೊ ನೋಡಿ ಇದಕ್ಕಿಂತ ಹೆಚ್ಚು ಹೇಳಲಾಗದು ಎಂದು ಆಕೆ ಬರೆದಿದ್ದರು. ಆದರೆ ಆಕಾರದ ಬಗ್ಗೆ ಅನುಮಾನವಿಲ್ಲವಂತೆ. ಆ ಕಾಲಕ್ಕೆ ಇಟಲಿಯ ಹಳೆಯ ಗೋರಿಗಳನ್ನು ಅಗೆದಾಗ ಗ್ರೀಕರ ಮಣ್ಣಿನ ಪಾತ್ರೆಗಳು ರಾಶಿರಾಶಿಯಾಗಿ ಸಿಕ್ಕಿದ್ದವು. ಅವನ್ನು ಕಂಡು ಮರುಳಾದ ಫ್ರೆಂಚರು ತಮ್ಮ ಪಿಂಗಾಣಿಗೂ ಅದೇ ರೂಪ ಕೊಟ್ಟರು. ಎತ್ತರದ ಎರಡು ಕಿವಿಯ ಈ ಬಟ್ಟಲು ಮೂಲದಲ್ಲಿ ಗ್ರೀಕರು ಎರಡೂ ಕೈಯಲ್ಲಿ ಹಿಡಿದು ದ್ರಾಕ್ಷಾರಸ ಕುಡಿಯುತ್ತಿದ್ದ ಪಾತ್ರೆ.

"ಎರಡೂ ಕೈಲೆ!" ಯಂಕಮ್ಮ ಸೀಟಿನಿಂದ ಜಿಗಿದಳು. "ನಮ್ಮವ್ವ ಹಂಗ ತೋರಿಸತಿದ್ಲು. ನಿಮ್ಮಪ್ಪ ಎರಡೂ ಕಿವಿ ಹಿಡದು, ಕಣ್ಣು ಮುಚ್ಚಿ ಕುಡೀತಿದ್ದ ಅಂತಿದ್ಲು. ಮಿತ್ರಾ, ಅಂವಗ ಯಾರ ಕಲಿಸಿದ್ರು?"

ಯಾರೂ ಕಲಿಸಬೇಕಾಗಿರಲಿಲ್ಲ, ಆ ಆಕಾರವನ್ನು ಹಿಡಿಯಲು ಬೇರೆ ದಾರಿಯಿಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಕುಂಬಾರನೊಬ್ಬ ಕೈಗೆ ಹೇಳಿದ್ದ ಮಾತನ್ನು ಪ್ಯಾರಿಸಿನವನು ನಕಲು ಮಾಡಿದ್ದ, ಗದ್ದೆಪ್ಪನ ಕೈ ಅದನ್ನು ತಪ್ಪಿಲ್ಲದೆ ಕೇಳಿಸಿಕೊಂಡಿತ್ತು.

ಸಂಘಮಿತ್ರಾ ಮಾತ್ರ ಆ ಗೀರನ್ನೇ ನೋಡುತ್ತಿದ್ದಳು. ಬಸ್ಸು ಮತ್ತೆ ಮಸ್ಕಿಯನ್ನು ಹಾಯುತ್ತಿತ್ತು, ಕಿಟಕಿಯಾಚೆ ಗುಡ್ಡ. "ಆ ಬಂಡೆಗಲ್ಲಿನ ಮ್ಯಾಲೆ ಅಶೋಕ ಅಂತ ಹೆಸರು ಕೊರದಿದ್ದಕ್ಕ ತಾನ ಸರ್ ಅದು ಅವನ ಶಾಸನ ಅಂತ ಖಾತ್ರಿ ಆಗಿದ್ದು? ಇದೂ ಹಂಗ. ಇದು ಕಲೆ ಅಲ್ಲ, ಹೆಸರು."

"ಇದನ್ನ ಗೌಡ್ರ ಹುಡುಗಗ ಹೇಳು" ಎಂದಳು ಯಂಕಮ್ಮ.

ನನ್ನ ಕುತೂಹಲ ಇನ್ನೊಂದು ಕಡೆಗಿತ್ತು. ಆ ಗೀರು ಕಬ್ಬಿಣದ ಮೊಳೆಯದಾಗಿರಲು ಸಾಧ್ಯವಿರಲಿಲ್ಲ. ಈ ಬಗೆಯ ಪಿಂಗಾಣಿಯ ಹೊಳಪಿನ ಲೇಪ ಮೊಳೆಗಿಂತ ಗಟ್ಟಿ. ಬೆಣಚುಕಲ್ಲಿನ ಚೂಪು ಮೊನೆಯಿಂದ ತಾಳ್ಮೆಯಿಂದ ಉಜ್ಜಿದರೆ ಮಾತ್ರ ಹಾಗೆ ಗೀರಬಹುದು. ಅಷ್ಟು ಗಟ್ಟಿಯೆಂದರೆ ಇದು ಎಲುಬಿನ ಬೂದಿ ಬೆರೆಸುವ ಜಾತಿಯದೇ ಅಲ್ಲವೇನೋ ಎಂಬ ಅನುಮಾನ ಹುಟ್ಟಿತು. ಎಲುಬು ಬೆರೆಸುವುದು ಮುಖ್ಯವಾಗಿ ಇಂಗ್ಲಿಷರ ಪದ್ಧತಿ. ಹಾಗಾದರೆ ಗೌಡರ ಮನೆಯ ಇಡೀ ತೀರ್ಮಾನ?

ಪರೀಕ್ಷೆಗೆ ಚೂರು ಬೇಕು, ಬಟ್ಟಲನ್ನು ಮುಟ್ಟುವಂತಿಲ್ಲ. ಯಂಕಮ್ಮ ನಮ್ಮನ್ನು ನೇರ ಬೇವಿನ ಕಟ್ಟೆಗೆ ಕರೆದೊಯ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಪಿ ಹಿಡಿದು, ಬೇರಿನ ಸಂದಿಯ ಮಣ್ಣು ಕೆದಕಲು ಕೂತಳು. ಒಬ್ಬೊಬ್ಬರಾಗಿ ಓಣಿಯವರೂ ಸೇರಿದರು. "ಏನ ಹುಡುಕಾಕತ್ತಿ ಯಂಕಮ್ಮಕ್ಕ, ಉಂಗುರಾ?" "ಇಲ್ಲಲೇ, ನಿಮ್ಮಜ್ಜನ ಸಿಟ್ಟು ಹುಡುಕಾಕತ್ತೀನಿ!" ಮೊದಲು ಒಂದು ಬಿಳಿ ಚೂರು, ಆಮೇಲೆ ಚಿನ್ನದ ಅಂಚಿನ ಇನ್ನೊಂದು. ಕೊನೆಗೆ ಇಡಿಯಾದ ಒಂದು ಹಂಸದ ಕೊರಳು ಮಣ್ಣಿನಿಂದ ಎದ್ದುಬಂದಾಗ ಕಟ್ಟೆಯ ಸುತ್ತ ನಿಂತವರೆಲ್ಲ ಕೂಗಿದರು. ಐವತ್ತು ವರ್ಷ ಮಣ್ಣಿನಲ್ಲಿದ್ದರೂ ಅದರ ಬಿಳುಪು ಮಾಸಿರಲಿಲ್ಲ.

ಕಾಲೇಜಿನ ಪ್ರಯೋಗಾಲಯದಲ್ಲಿ ಸಂಘಮಿತ್ರಾ ಚೂರನ್ನು ನುಣ್ಣಗೆ ಕುಟ್ಟಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿದಳು. ಎಲುಬಿದ್ದರೆ ಫಾಸ್ಫೇಟ್ ಇರುತ್ತದೆ, ಫಾಸ್ಫೇಟ್ ಇದ್ದರೆ ಮಾಲಿಬ್ಡೇಟ್ ದ್ರಾವಣ ಹಾಕಿದಾಗ ಹಳದಿಯಾಗಬೇಕು. ಹಳದಿಯಾಗಲಿಲ್ಲ. ಆಗಲಿಲ್ಲ ಎಂದ ಮಾತ್ರಕ್ಕೆ ನಂಬಬಾರದು; ಪರೀಕ್ಷೆಯೇ ಕೆಟ್ಟಿರಬಹುದು. ಆದ್ದರಿಂದ ತಳದಲ್ಲಿ ಬೋನ್ ಚೈನಾ ಎಂದು ಅಚ್ಚಾಗಿದ್ದ, ಹಿಡಿಕೆ ಮುರಿದ, ಸ್ಟಾಫ್‌ರೂಮಿನ ಕಪ್ಪೊಂದರ ಚೂರನ್ನೂ ಅದೇ ರೀತಿ ಕುದಿಸಿದೆವು. ಅದು ಅರಿಸಿನದಂತೆ ಹಳದಿಗಟ್ಟಿತು. ಎರಡು ಕೊಳವೆಗಳನ್ನೂ ಅಕ್ಕಪಕ್ಕ ಹಿಡಿದು ಯಂಕಮ್ಮ ಬಹಳ ಹೊತ್ತು ನೋಡಿದಳು.

"ಅಂದ್ರ ನಾವು ದಿನಾ ಕುಡಿಯೂ ಕಪ್ಪಿನಾಗ ಎಲುಬು ಐತಿ, ಅವರು ಹೊರಗಿಟ್ಟಿದ್ದರಾಗ ಇಲ್ಲ?"

"ಇಲ್ಲ. ಬರೇ ಬಿಳಿ ಮಣ್ಣು, ಕಲ್ಲಿನ ಪುಡಿ, ಭಾಳ ಬೆಂಕಿ" ಎಂದಳು ಮಗಳು.

ಯಂಕಮ್ಮ ಪ್ರಯೋಗಾಲಯದ ಮೇಜು ಬಡಿದು ನಕ್ಕಳು. ಪಂಪಾಪತಿಗೆ ಮಾತ್ರ ಅಪಾಯ ಕಂಡಿತು. ಮನೆಯಲ್ಲಿ ಅವನು ಖಡಾಖಂಡಿತವಾಗಿ ಹೇಳಿದ: "ಇದನ್ನ ಗೌಡ್ರ ಮನ್ಯಾಗ ಬಾಯಿ ಬಿಡಬ್ಯಾಡ. ಎಲುಬು ಅಂತ ಅವರು ಮುಟ್ಟಲಿಲ್ಲ, ಅದಕ್ಕ ಅದು ನಿನ್ನದು. ಎಲುಬಿಲ್ಲ ಅಂತ ನೀನ ಹೇಳಿದ್ರ ನಾಳೆ ಅದು ಅವರದು." ಯಂಕಮ್ಮ ಒಪ್ಪಿದಳು.

ಭಾನುವಾರ ಸಿದ್ದಲಿಂಗೇಶ ಫೋನು ಮಾಡಿದ. ಜಗಳ ಬೇಡ; ತನ್ನ ತಾಯಿ ಶೇಖರಮ್ಮ ಆ ಬಟ್ಟಲುಗಳನ್ನು ಕಂಡವಳು, ಅವಳು ಹೇಳಿದ ಹಾಗೆ ಆಗಲಿ ಎಂದ. ತಾಯಿ ತನ್ನ ಪರವಾಗಿಯೇ ಹೇಳುವಳೆಂಬ ಭರವಸೆ ಆ ದನಿಯಲ್ಲಿತ್ತು. ಯಂಕಮ್ಮನೂ "ಆಗಲಿ, ಅಮ್ಮಾರು ಹೇಳಿದ್ದ ಕಡೀ ಮಾತು" ಎಂದುಬಿಟ್ಟಳು. ಅಂದು ಸಂಜೆ ಗಂಡ, ಮಗಳು, ನಾನು ಎಲ್ಲರೂ ಆಕೆಯ ಜೊತೆ ಹೊರಟೆವು.

ಗೌಡರ ಮನೆಯ ಹೊರಗೋಡೆಯ ಆ ಗೂಡಿನಲ್ಲಿ ಈಗ ಕರೆಂಟಿನ ಮೀಟರು ಇದೆ. ಅದರ ಮುಂದೆ ಯಂಕಮ್ಮ ಒಂದು ಕ್ಷಣ ನಿಂತು, ನೀಲಿ ಪೆಟ್ಟಿಗೆಯನ್ನು ಸರಿಮಾಡಿಕೊಂಡು ಒಳಗೆ ಬಂದಳು. ನರ್ಸಾಗಿ ಆಕೆ ಈ ಪಡಸಾಲೆಗೆ ಎಷ್ಟೋ ಸಲ ಬಂದವಳು. ಪ್ರತಿ ಸಲವೂ ಕಿಟಕಿಯಲ್ಲಿ ಬೇರೆಯಾಗಿ ಇಟ್ಟಿದ್ದ ಒಂದು ಸ್ಟೀಲ್ ಲೋಟದಲ್ಲಿ ಚಹಾ ಬರುತ್ತಿತ್ತು, ಪ್ರತಿ ಸಲವೂ ಆಕೆ "ಈಗ ಕುಡದು ಬಂದೀನಿ ರೀ" ಎನ್ನುತ್ತಿದ್ದಳು. ಈ ಮನೆಯ ಚಹಾ ಆಕೆಯ ಬಾಯಿಗೆ ಎಂದೂ ತಾಗಿರಲಿಲ್ಲ.

ಶೇಖರಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಎಂಬತ್ತು ದಾಟಿದ ಮುದುಕಿ; ಕಣ್ಣು ಮಂಜಾದರೂ ನಾಲಿಗೆ ಚುರುಕು.

"ಯಾರವಾ ಅದು?"

"ನಾ ರೀ ಅಮ್ಮಾರ. ಗದ್ದೆಪ್ಪನ ಮಗಳು."

"ಸೂಜಿ ಯಂಕಮ್ಮ ಅನ್ನು. ನನ್ನ ಸೊಂಟಕ್ಕ ಇನ್ನೂ ನೆನಪೈತಿ."

ಸಿದ್ದಲಿಂಗೇಶ ಅವಸರ ಮಾಡಿದ. "ಅವ್ವಾ, ಈ ಬಟ್ಟಲು ನೋಡು. ತಾಲೂಕದಾರ ಕೊಟ್ಟಿದ್ದು. ಇದು ನಮ್ಮ ಮನೀದು ಹೌದಲ್ಲ?"

ಯಂಕಮ್ಮ ಹತ್ತಿಯಿಂದ ಬಟ್ಟಲನ್ನು ಬಿಡಿಸಿ ಹಿಡಿದಳು. ಶೇಖರಮ್ಮ ಕೈ ಚಾಚಲಿಲ್ಲ. "ಕೆಳಗಿಡು ಅದನ್ನ" ಎಂದಳು. ಬಗ್ಗಿ ನೋಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ನಮ್ಮ ಮನೀದು ಅಂತೀ? ಎಲುಬಿನ ಭಾಂಡೆ ಈ ಹೊಸ್ತಿಲಾ ಯಾವಾಗ ದಾಟೇತಿ? ನಾ ಸೊಸಿಯಾಗಿ ಬಂದಾಗಿಂದ ಇದು ಗೂಡಿನಾಗ ಇತ್ತು. ಇದು ಗದ್ದೆಪ್ಪನ ಬಟ್ಟಲು."

"ಸಾಹೇಬ ಕೊಟ್ಟದ್ದು ಮುತ್ಯಾಗಲ್ಲೇನು?"

"ಕೊಟ್ಟಿದ್ದನಪಾ. ನಾವು ಇಸಗೊಂಡಿದ್ದಿಲ್ಲ."

ಅಷ್ಟೇ. ಕಡೆಯ ಮಾತು ಬಂದಾಗಿತ್ತು. ಸಿದ್ದಲಿಂಗೇಶ ಸೋತ ಮುಖ ಮಾಡಿಕೊಂಡು ನೆಲ ನೋಡಿದ. ಪಂಪಾಪತಿ ಹೆಂಡತಿಗೆ ಬಾಗಿಲಿನ ಕಡೆ ಕಣ್ಸನ್ನೆ ಮಾಡಿದ. ಬಟ್ಟಲನ್ನು ಎತ್ತಿಕೊಂಡು ನಡೆದುಬಿಟ್ಟರೆ ಸಾಕಿತ್ತು.

ಆದರೆ ಯಂಕಮ್ಮ ಬದುಕಿಡೀ ಮಾಡಿದ ಕೆಲಸವೇ ಬೇರೆ. ಹೆತ್ತ ಮೊದಲ ಹಾಲು ಕೂಸಿಗೆ ಕೇಡು ಎಂದು ಹಿಂಡಿ ಚೆಲ್ಲುತ್ತಿದ್ದವರ ಬಾಗಿಲಲ್ಲಿ, ಲಸಿಕೆ ಹಾಕಿದರೆ ಗಂಡುಮಗು ಬಲಹೀನವಾಗುತ್ತದೆ ಎಂದವರ ಅಂಗಳದಲ್ಲಿ ಆಕೆ ನಿಂತು ವಾದಿಸಿದ್ದಳು. ತಪ್ಪು ತಿಳಿವಳಿಕೆಯೊಂದು ಎದುರಿಗೆ ಕೂತಿರುವಾಗ ಅದನ್ನು ಹಾಗೆಯೇ ಬಿಟ್ಟು ಏಳುವುದು ಆಕೆಗೆ ಬರುತ್ತಿರಲಿಲ್ಲ, ಅದರಿಂದ ತನಗೆ ಲಾಭವಿದ್ದಾಗಲೂ.

"ಅಮ್ಮಾರ, ಒಂದು ಮಾತು. ಇದರಾಗ ಎಲುಬಿಲ್ಲ."

"ಮುಗೀತು" ಎಂದು ಪಂಪಾಪತಿ ಹಣೆ ಬಡಿದುಕೊಂಡ.

ಸಿದ್ದಲಿಂಗೇಶ ತಲೆಯೆತ್ತಿದ. "ಕೇಳಿದಿ ಅವ್ವಾ? ಎಲುಬಿಲ್ಲಂತ! ಹಂಗಾರ ಅಡ್ಡಿ ಏನೈತಿ? ನಮ್ಮದ ಆತಲ್ಲ!"

"ನೀ ಸುಮ್ಕಿರು." ಶೇಖರಮ್ಮ ಸಂಘಮಿತ್ರಾಳನ್ನು ನೋಡಿದಳು. "ಖರೇ ಏನ ತಂಗಿ? ಹೆಂಗ ಗೊತ್ತಾತು?"

ಸಂಘಮಿತ್ರಾ ಎರಡು ಕೊಳವೆಗಳ ಕಥೆ ಹೇಳಿದಳು. ಮುದುಕಿ ಗಮನವಿಟ್ಟು ಕೇಳಿದಳು. "ಬರೇ ಮಣ್ಣಾ?"

"ಬರೇ ಮಣ್ಣು ರೀ."

ಶೇಖರಮ್ಮನ ಹೆಗಲು ಅಲುಗತೊಡಗಿತು. ನಗುತ್ತಿದ್ದಾಳೆಂದು ನಮಗೆ ತಿಳಿಯಲು ಹೊತ್ತು ಹಿಡಿಯಿತು. "ನಮ್ಮತ್ತಿ ಹುಣಸಿಹಣ್ಣು ಹಚ್ಚಿ ಹಿತ್ತಾಳಿ ತಿಕ್ಕಿ ತಿಕ್ಕಿ ಸತ್ಲು. ಬಂಗಾರ ಬಳದ ಬಟ್ಟಲು ಆಳಮಂದಿಗೆ ಕೊಟ್ಟು!" ಕೆಮ್ಮು ಬಂತು. ಅದು ನಿಂತ ಮೇಲೆ ಆಕೆ ಕೈ ಚಾಚಿದಳು. "ಕೊಡಿಲ್ಲೆ."

ಯಂಕಮ್ಮನ ಕೈ ಹಿಂಜರಿಯಿತು. ಕೊಟ್ಟದ್ದು ಮರಳುವುದೋ ಇಲ್ಲವೋ. ಆದರೂ ಕೊಟ್ಟಳು.

ಮುದುಕಿ ಬಟ್ಟಲನ್ನು ಹೊರಳಿಸಿ, ಮಂಜುಗಣ್ಣಿಗೆ ಹತ್ತಿರ ಹಿಡಿದು, ತಳದ ಗೀರಿನ ಮೇಲೆ ಬೆರಳಾಡಿಸಿದಳು. "ಕುಡುಗೋಲು. ಬಾಯಿ ಇತ್ತಕಡೆ ಐತಿ ನೋಡು, ಎಲ್ಲಾರದೂ ಅತ್ತಕಡೆ ಇರತೈತಿ. ಗದ್ದೆಪ್ಪ ಎಡಚ ಇದ್ದ. ಅವಗ ಅಂತ ಕಮ್ಮಾರ ಬ್ಯಾರೆ ಕುಡುಗೋಲು ಬಡೀತಿದ್ದ. ಸಾಲಿನಾಗ ಅವನೊಬ್ಬ ತಿರುವಮುರುವ ಕೊಯ್ಯಾಂವ. ನಾ ಮಾಳಿಗಿ ಮ್ಯಾಲೆ ನಿಂತು ನೋಡಿ ನಗತಿದ್ದೆ."

ಯಂಕಮ್ಮ ತನ್ನ ಎಡಗೈಯನ್ನು ನೋಡಿಕೊಂಡಳು. ಆ ಕೈಯ ಬಳಕೆ ಬಿಡಿಸಲು ತಾಯಿ ಎಷ್ಟು ಬಡಿದಿದ್ದಳು; ಇದು ಅಪ್ಪನ ಕೈ ಎಂದು ಒಮ್ಮೆಯೂ ಹೇಳಿರಲಿಲ್ಲ. ಎಡಚತನ ತಂದೆಯಿಂದಲೇ ಬರುತ್ತದೆ ಎನ್ನಲು ಆಧಾರ ಸಾಲದು. ಆ ಮಾತನ್ನು ನಾನು ಅಲ್ಲಿ ಆಡಲಿಲ್ಲ.

"ನಮ್ಮಪ್ಪ ಎಡಚನೇನ್ರಿ?" ಯಂಕಮ್ಮ ಕೂಗಿದಳು. "ಮಿತ್ರಾ, ಕೇಳಿದೇನ? ಎಡಚ ಅಂತ! ನನ್ನಂಗ!"

"ನೀ ಅವನಂಗ" ಎಂದು ತಿದ್ದಿದಳು ಶೇಖರಮ್ಮ. ಬಟ್ಟಲನ್ನು ಅವಳ ಎಡಗೈಯಲ್ಲೇ ಇಟ್ಟಳು. "ಎಲುಬು ಇದ್ರೂ ಗದ್ದೆಪ್ಪನದ, ಇಲ್ಲದಿದ್ರೂ ಗದ್ದೆಪ್ಪನದ. ತಪ್ಪು ತಿಳಕೊಂಡಾವ್ರು ನಾವು. ಈಗ ಗೊತ್ತಾತು ಅಂತ ತಿರುಗಿ ಕೇಳಿದ್ರ ಮಂದಿ ನಗತಾರ. ಸಿದ್ದಾ, ಆ ವ್ಯಾಪಾರಿಗೆ ಬರಬ್ಯಾಡ ಅನ್ನು."

"ಬೋಗುಣಿ ಐತಲ್ಲವಾ, ಅದನ್ನರ—"

"ಆ ಉಪ್ಪಿನ ಬೋಗುಣಿ ನಮ್ಮ ಮನಿಗೆ ತಾ ತಮ್ಮಾ, ಜೋಡಿ ಇಡೋಣ" ಎಂದಳು ಯಂಕಮ್ಮ. ಅವನಿಗೂ ನಗು ತಡೆಯಲಾಗಲಿಲ್ಲ.

ಶೇಖರಮ್ಮ ಮಾತ್ರ ಬಟ್ಟಲನ್ನೇ ನೋಡುತ್ತಿದ್ದಳು. "ಅದರಾಗ ಚಾ ಹೆಂಗಿರತಿತ್ತು, ಯಂಕಮ್ಮ? ದಿನಾ ಸುರದೀನಿ. ಕುಡದಾವ್ರನ್ನ ಒಮ್ಮೆರ ಕೇಳಿಲ್ಲ."

"ಆರಿರತಿತ್ತಂತ ರೀ. ನಮ್ಮವ್ವ ಹೇಳತಿದ್ಲು. ನೀವು ಅಷ್ಟು ಮ್ಯಾಲಿಂದ ಸುರುವೂದ್ರಾಗ ಬಿಸಿ ಎಲ್ಲಾ ಗಾಳಿಗೆ ಹೋಗತಿತ್ತಂತ."

ಮುದುಕಿ ಚಹಾ ತರಲು ಹೇಳಿ ಮಗನನ್ನು ಒಳಗೆ ಕಳಿಸಿದಳು. ಕಿಟ್ಲಿ ಬಂತು, ಹೊಗೆಯಾಡುತ್ತಿತ್ತು. ಅದನ್ನು ತಾನೇ ಇಸಿದುಕೊಂಡಳು. ಯಂಕಮ್ಮ ಎರಡೂ ಕಿವಿ ಹಿಡಿದು ಬಟ್ಟಲನ್ನು ಮುಂದೆ ಚಾಚಿದಳು. ಶೇಖರಮ್ಮನ ಕೈ, ಹಳೆಯ ರೂಢಿಯಿಂದ, ಎದೆಯೆತ್ತರಕ್ಕೆ ಏರಿತು. ಅಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಕೆಳಗಿಳಿಯಿತು, ಇನ್ನೂ ಇಳಿಯಿತು, ಕಿಟ್ಲಿಯ ಮೂತಿ ಬಟ್ಟಲಿನ ಅಂಚಿಗೆ ಠಣ್ ಎಂದು ಬಡಿಯಿತು.

"ಹಗೂರಕ, ಅಮ್ಮಾರ!" ಯಂಕಮ್ಮ ಚೀರಿದಳು. "ಒಡದೀತು!"

ಒಡೆಯಲಿಲ್ಲ. ಬಟ್ಟಲು ತುಂಬಿತು. ಆಕೆ ಊದದೆ, ಕಾಯದೆ, ಕಣ್ಣು ಮುಚ್ಚಿ ಒಂದು ಗುಟುಕು ಎಳೆದಳು, ನಾಲಿಗೆ ಸುಟ್ಟುಕೊಂಡು "ಹಾ! ಹಾ!" ಎಂದು ಗಾಳಿ ಹಾಕಿಕೊಳ್ಳುತ್ತ, ಬಟ್ಟಲನ್ನು ಮಾತ್ರ ಕೈಬಿಡದೆ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಬಿಸಿ ಐತ್ರಿ" ಎಂದಳು. "ಭಾಳ ಬಿಸಿ ಐತಿ."